ಹಳ್ಳದಾಚೆಗೆ ಬಂದ ರಾಜ್ಯಶಾಸ್ತ್ರ

ಕನ್ನಡ ರಾಜ್ಯೋತ್ಸವದ ದಿನ, ಬಾವುಟ ಹಾರಿಸಿ ಎಲ್ಲರ ಕೈಗೂ ಲಾಡು ಬಂದ ಮೇಲೆ, ಮೈಕಿನ ಮುಂದೆ ನಿಂತು ‘ಶಾಸ್ತ್ರದ ಪ್ರಕಾರ ಕರ್ನಾಟಕ ರಾಜ್ಯವಲ್ಲ’ ಎಂದು ಹೇಳಿದವರೊಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ನನ್ನ ಪಿಯುಸಿ ಮೇಷ್ಟ್ರು, ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದರು. ಈ ಬೇಸಿಗೆಯಲ್ಲಿ ನಿವೃತ್ತರಾದರು. ಬೀಳ್ಕೊಡುಗೆ ಸಭೆಯಲ್ಲಿ ಹಳೆಯ ವಿದ್ಯಾರ್ಥಿನಿ ಎಂದು ನನಗೂ ಎರಡು ನಿಮಿಷ ಮಾತಾಡಲು ಬಿಟ್ಟರು. ಆ ಎರಡು ನಿಮಿಷ ವೇದಿಕೆಯ ಮೇಲಿದ್ದವರ ಹೆಸರು ಹೇಳುವುದರಲ್ಲೇ ಮುಗಿದುಹೋಯಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ; ಹಾಕಿದರೆ ಅವರಿಗೆ ಸಂಕೋಚ.

ಅವರ ಮನೆ ಅರಸೀಕೆರೆ. ಅಪ್ಪ, ಅಣ್ಣಂದಿರು ಎಲ್ಲ ಕೊಬ್ಬರಿ ವ್ಯಾಪಾರದವರು. ‘ತೂಕ ಹಾಕೋಕೆ ಬರದೋನು ಮೇಷ್ಟ್ರಾಗ್ತಾನೆ’ ಎಂದು ಅಪ್ಪ ಅನ್ನುತ್ತಿದ್ದರಂತೆ. ಅದನ್ನು ಕ್ಲಾಸಿನಲ್ಲಿ ತಾವೇ ಹೇಳಿಕೊಂಡು ನಗುತ್ತಿದ್ದರು. ಬೆಳಿಗ್ಗೆ ಅರಸೀಕೆರೆಯಲ್ಲಿ ಬಸ್ಸು ಹತ್ತಿ ಜಾವಗಲ್, ಹಳೇಬೀಡು ದಾಟಿ ಬೇಲೂರಿನ ನಮ್ಮ ಕಾಲೇಜಿಗೆ ಬರುವಷ್ಟರಲ್ಲಿ ಹಣೆಯ ವಿಭೂತಿಯ ಮೂರು ಗೆರೆಗಳಲ್ಲಿ ಒಂದೋ ಒಂದೂವರೆಯೋ ಉಳಿದಿರುತ್ತಿತ್ತು. ಡಸ್ಟರ್ ಹುಡುಕುವ ತಾಳ್ಮೆ ಇರಲಿಲ್ಲ. ಬೋರ್ಡನ್ನು ಅಂಗಿಯ ತೋಳಿನಲ್ಲೇ ಒರೆಸುತ್ತಿದ್ದರು. ಹಾಗಾಗಿ ಬಲತೋಳು ಸದಾ ಬೂದಿ ಬಣ್ಣ.

ಹಾಜರಿ ಕೂಗುವಾಗ ಬರಿಯ ಹೆಸರು ಕೂಗುತ್ತಿರಲಿಲ್ಲ, ಊರನ್ನೂ ಸೇರಿಸಿ ಕೂಗುವರು. ‘ಅರೇಹಳ್ಳಿ ಕುಮಾರ’, ‘ಗೆಂಡೆಹಳ್ಳಿ ಮಂಜುಳ’, ‘ಬೇಲೂರು ಸಲೀಮ’. ಊರಿನ ಹೆಸರು ಕೂಗಿದ ಕೂಡಲೇ ಹುಡುಗರ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು. ನನ್ನ ಸರದಿ ಬಂದಾಗ ಮಾತ್ರ ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಗಿರಿಜ ಎಂಬ ನನ್ನ ಹೆಸರಿನ ಮುಂದೆ ಅವರು ಕೂಗುತ್ತಿದ್ದುದು ನಮ್ಮ ಊರಿನ ಹೆಸರಲ್ಲ, ಪಕ್ಕದೂರಿನದು.

ನಮ್ಮ ಊರಿಗೆ ಹೆಸರಿರಲಿಲ್ಲ. ಜಾವಗಲ್‌ನಿಂದ ಹಳೇಬೀಡಿಗೆ ಬರುವ ಹಾದಿಯಲ್ಲಿ, ರಸ್ತೆ ಬಿಟ್ಟು ಒಳಗೆ ನಡೆದರೆ ಒಂದು ಹಳ್ಳ. ಅದರಾಚೆ ನಲವತ್ತಕ್ಕೆ ಎರಡು ಕಡಿಮೆ ಮನೆಗಳು. ಸುತ್ತಲಿನವರು ‘ಹಳ್ಳದಾಚೆಯೋರು’ ಎನ್ನುತ್ತಿದ್ದರು, ಅಷ್ಟೆ. ಮುತ್ತಜ್ಜಂದಿರ ಕಾಲದಲ್ಲಿ ಕುರಿ ಮೇಯಿಸಿಕೊಂಡು ಬಂದವರು ಅಲ್ಲೇ ನಿಂತರಂತೆ. ನಕ್ಷೆಯಲ್ಲಿ ಆ ಜಾಗ ಇಂದಿಗೂ ಗೋಮಾಳ, ದನ ಮೇಯುವ ಬಯಲು. ಎರಡು ತಾಲ್ಲೂಕುಗಳ ಗಡಿ ಬೇರೆ ಅಲ್ಲೇ ಎಲ್ಲೋ ಹಾದುಹೋಗಿತ್ತು. ಹಳ್ಳ ತುಂಬಿದಾಗ ಸೇತುವೆ ಕೇಳಲು ಹೋದರೆ ‘ಎಲ್ಲಿಗೆ ಸೇತುವೆ?’ ಎಂದು ಕೇಳುತ್ತಿದ್ದರು. ನನ್ನನ್ನು ಶಾಲೆಗೆ ಸೇರಿಸುವಾಗ ಅಪ್ಪ ಪಕ್ಕದೂರಿನ ಹೆಸರು ಬರೆಸಿದ್ದ. ಬೇಲೂರಿನ ಹಾಸ್ಟೆಲ್ಲಿಗೂ ಅದೇ ವಿಳಾಸದಲ್ಲಿ ಸೇರಿಕೊಂಡಿದ್ದೆ.

ಮೊದಲನೇ ಪಿಯುಸಿಯಲ್ಲಿ ಒಂದು ದಿನ ರಾಜ್ಯದ ಮೂಲಾಂಶಗಳ ಪಾಠ. ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ ಎಂದು ಬೋರ್ಡಿನ ಮೇಲೆ ನಾಲ್ಕು ಪದ ಬರೆದರು. ‘ಈ ನಾಲ್ಕೂ ಇದ್ದರೆ ಅದು ರಾಜ್ಯ. ಒಂದು ಕಡಿಮೆಯಾದರೂ ಅಲ್ಲ’ ಎಂದರು. ನನಗೆ ಎಲ್ಲಿಂದ ಧೈರ್ಯ ಬಂತೋ, ಎದ್ದು ನಿಂತೆ.

“ಸಾರ್, ನಮ್ಮಲ್ಲಿ ಜನ ಇದ್ದಾರೆ. ಜಾಗ ಇದೆ. ಯಜಮಾನ್ರು ಇದ್ದಾರೆ, ಅವ್ರು ಯಾರ ಮಾತೂ ಕೇಳಲ್ಲ. ಆದ್ರೂ ನಮ್ದು ರಾಜ್ಯ ಹಾಳಾಗ್ಲಿ, ಊರೇ ಅಲ್ಲ ಅಂತಾರಲ್ಲ ಸಾರ್?”

ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. “ಹಾಗಾದ್ರೆ ನಿಜವಾಗ್ಲೂ ಯಾವೂರಮ್ಮ?” ಎಂದರು. ನಾನು ನಿಂತಲ್ಲೇ ನಿಜ ಹೇಳಿಬಿಟ್ಟೆ. ಅವರು ಕೈಯಲ್ಲಿದ್ದ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟರು.

“ನಂಗೆ ಗೊತ್ತಿಲ್ಲ ಕಣಮ್ಮ. ನೋಡ್ಕೊಂಡು ಬಂದು ಹೇಳ್ತೀನಿ” ಎಂದರು.

‘ಗೊತ್ತಿಲ್ಲ’ ಎಂದ ಮೇಷ್ಟ್ರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನೋಡಿಕೊಂಡು ಬರುತ್ತೇನೆ ಎಂದದ್ದು ಮಾತಿಗೆ ಅಂದದ್ದು ಎಂದುಕೊಂಡೆ. ಆದರೆ ಆ ಭಾನುವಾರ ನಾನು ಊರಿಗೆ ಹೋಗಿದ್ದಾಗ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಹಳ್ಳ ದಾಟಿಕೊಂಡು ಬಂದೇ ಬಿಟ್ಟರು. ಜಗುಲಿಯ ಮೇಲೆ ಕೂತಿದ್ದ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಯಾರ್ ಕಡೆಯೋರು ಸ್ವಾಮಿ? ಓಟು ಇನ್ನೂ ದೂರ ಐತಲ್ಲಾ?”

“ಓಟಿಗಲ್ಲ ತಾಯಿ. ನಿಮ್ಮ ಮೊಮ್ಮಗಳು ಒಂದು ಪ್ರಶ್ನೆ ಕೇಳಿದ್ಲು. ಉತ್ತರ ಹುಡ್ಕೊಂಡು ಬಂದೆ.”

“ಇವಳ್ನ ಓದೋಕ್ ಕಳ್ಸಿದ್ರೆ ಪ್ರಶ್ನೆ ಕೇಳ್ತಾ ಕುಂತವಳಾ?” ಎಂದು ಅಜ್ಜಿ ನನ್ನ ಕಡೆ ಕಣ್ಣು ಬಿಟ್ಟಳು.

ಮೇಷ್ಟ್ರು ಮನೆಮನೆಗೂ ಹೋದರು. ಪ್ರತಿ ಬಾಗಿಲಲ್ಲೂ ಒಂದೇ ಕಥೆ. ಮಗು ಹುಟ್ಟಿದ್ದಕ್ಕೆ ಕಾಗದ ಬೇಕಾದರೆ ಪಕ್ಕದೂರಿನವರ ಕಾಲು ಹಿಡಿಯಬೇಕು. ಬಿರುಗಾಳಿಗೆ ಸೂರು ಹಾರಿಹೋದವನಿಗೆ ಪರಿಹಾರವಿಲ್ಲ, ಯಾಕೆಂದರೆ ಅಲ್ಲಿ ಮನೆಯೇ ಇಲ್ಲ. ಸಂಜೆ ಹೊರಡುವಾಗ ಮೇಷ್ಟ್ರ ಮುಖ ಸಣ್ಣದಾಗಿತ್ತು. “ದಿನಾ ಎರಡು ಸಲ ಬಸ್ಸಿನಲ್ಲಿ ಈ ಹಾದೀಲೇ ಹೋಗ್ತೀನಲ್ಲಮ್ಮ. ಒಂದು ದಿನಾನೂ ಕಣ್ಣಿಗೆ ಬೀಳ್ಲಿಲ್ಲ” ಎಂದರು.

ಮರುದಿನ ಕ್ಲಾಸಿನಲ್ಲಿ ಉತ್ತರ ಹೇಳಿದರು. “ಮಾನ್ಯತೆ ಅಂತ ಒಂದು ವಿಷಯ ಇದೆ. ಬೇರೆ ರಾಜ್ಯಗಳು ಒಪ್ಪೋವರೆಗೂ ರಾಜ್ಯ ಹುಟ್ಟೋದೇ ಇಲ್ಲ ಅಂತ ಕೆಲವು ಪಂಡಿತರು ಹೇಳ್ತಾರೆ. ಇನ್ನು ಕೆಲವರು, ಇಲ್ಲ, ರಾಜ್ಯ ಮೊದಲೇ ಇರುತ್ತೆ, ಮಾನ್ಯತೆ ಅನ್ನೋದು ಇರೋದನ್ನ ಒಪ್ಕೊಳ್ಳೋದು ಅಷ್ಟೆ ಅಂತಾರೆ. ನಾನು ಎರಡನೇ ಕಡೆಯವನು. ಗಿರಿಜಮ್ಮ, ನಿಮ್ಮದು ಊರೇ. ಇನ್ನೂ ಒಪ್ಕೊಂಡಿಲ್ಲ ಅಷ್ಟೆ. ಆದ್ರೆ ಹೀಗಂತ ಹೇಳಿ ನಾನಿಲ್ಲಿ ಸುಮ್ನೆ ಕೂತ್ರೆ ಹಳ್ಳಕ್ಕೆ ಸೇತುವೆ ಬರಲ್ಲ.”

ಅಂದಿನಿಂದ ಹಾಜರಿಯಲ್ಲಿ ನನ್ನನ್ನು ‘ಹಳ್ಳದಾಚೆ ಗಿರಿಜ’ ಎಂದು ಕೂಗತೊಡಗಿದರು. ಹುಡುಗರು ಒಂದು ವಾರ ನಕ್ಕರು. ಆಮೇಲೆ ಅವರಿಗೂ ಅಭ್ಯಾಸವಾಯಿತು.

ದಾಖಲೆ ಇಲ್ಲದ ಇಂಥ ವಸತಿಗಳನ್ನು ಕಂದಾಯ ಗ್ರಾಮ ಎಂದು ಘೋಷಿಸಲು ಅವಕಾಶವಿದೆ ಎಂಬುದನ್ನು ಮೇಷ್ಟ್ರೇ ಕಚೇರಿ ಕಚೇರಿ ಅಲೆದು ತಿಳಿದುಕೊಂಡು ಬಂದರು. ಅರ್ಜಿಗೆ ನಕ್ಷೆ ಬೇಕು, ಮನೆಗಳ ಪಟ್ಟಿ ಬೇಕು. ದಸರಾ ರಜೆಯಲ್ಲಿ ನಮ್ಮ ಕ್ಲಾಸಿನ ಏಳೆಂಟು ಮಂದಿಯನ್ನು ಕರೆದುಕೊಂಡು ಬಂದರು. ಅಳತೆಯ ಟೇಪು ಹಿಡಿದು ಬೀದಿ ಅಳೆದೆವು, ಬಾವಿ ಅಳೆದೆವು. ಪ್ರತಿ ಬಾಗಿಲ ಮೇಲೂ ಸುಣ್ಣದಲ್ಲಿ ಒಂದು ಅಂಕಿ ಬರೆದೆವು. ಯಜಮಾನರು, ತಮ್ಮ ಒಂದು ಹೆಬ್ಬೆಟ್ಟು ಸಾಕು, ಹೆಂಗಸರದ್ದು ಯಾಕೆ ಎಂದು ತಕರಾರು ತೆಗೆದರು. “ಸ್ವಾಮಿ, ಪಾಠದಲ್ಲಿ ಜನಸಂಖ್ಯೆ ಅಂತ ಇದೆ, ಗಂಡಸರ ಸಂಖ್ಯೆ ಅಂತಿಲ್ಲ” ಎಂದರು ಮೇಷ್ಟ್ರು. ಯಜಮಾನರಿಗೆ ಪಾಠದ ಮೇಲೆ ಭಯಭಕ್ತಿ. ಒಪ್ಪಿಕೊಂಡರು.

ನಮ್ಮ ಮನೆಯ ಮುಂದೆ ಬಂದಾಗ ಮಾತ್ರ ಅಪ್ಪ ಅಡ್ಡ ನಿಂತ.

“ನಮ್ಮನೆ ಒಂದು ಬಿಟ್ಬಿಡಿ ಸ್ವಾಮಿ. ಹುಡುಗಿದು ಕಾಗದದಾಗೆಲ್ಲ ಪಕ್ಕದೂರು ಅಂತ ಐತೆ. ನಾಳೆ ಸುಳ್ಳು ಬರೆಸಿದೀರಿ ಅಂತ ಓದಿಗೆ ಕಲ್ಲಾಕುದ್ರೆ?”

ಅಪ್ಪ ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಮೇಷ್ಟ್ರು ಪಟ್ಟಿಯ ಹಾಳೆಯನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟರು. “ನಿಮ್ಮ ತಂದೆ ಹೇಳೋದು ನಿಜ. ತೊಂದರೆ ಆದ್ರೂ ಆಗಬಹುದು. ಬಿಟ್ರೆ ನಾನೇನೂ ಅಂದ್ಕೊಳ್ಳಲ್ಲ. ನೀನೇ ನೋಡು” ಎಂದು ಹೇಳಿ ಬಾವಿಯ ಕಡೆ ನಡೆದುಬಿಟ್ಟರು. ತಮ್ಮ ಮುಖ ನೋಡಿದರೆ ನನಗೆ ಮುಲಾಜು ಹುಟ್ಟೀತು ಎಂದೇ ಹಾಗೆ ಹೋದದ್ದು ಎಂದು ಈಗ ಅನ್ನಿಸುತ್ತದೆ. ನಾನು ಬಹಳ ಹೊತ್ತು ಹಾಳೆ ಹಿಡಿದು ನಿಂತಿದ್ದೆ. ಆಮೇಲೆ ನಮ್ಮ ಐದು ಜನರ ಹೆಸರನ್ನೂ ಬರೆದೆ. ಅಪ್ಪ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಅಪ್ಪ ಹೆದರಿದಂತೆಯೇ ಆಯಿತು. ಎರಡನೇ ವರ್ಷಕ್ಕೆ ಹಾಸ್ಟೆಲ್ ಸೀಟು ಮುಂದುವರಿಸುವಾಗ ಕಚೇರಿಗೆ ಕೊಟ್ಟ ಪಟ್ಟಿಗೂ ಹಾಸ್ಟೆಲ್ಲಿನ ಕಾಗದಕ್ಕೂ ವಿಳಾಸ ತಾಳೆಯಾಗುವುದಿಲ್ಲ ಎಂದು ನನ್ನ ಅರ್ಜಿಯನ್ನು ತಡೆಹಿಡಿದರು. ಮೇಷ್ಟ್ರು ವಾರ್ಡನ್ ಹತ್ತಿರ ಹೋಗಿ, “ಹೆಸರೇ ಇಲ್ಲದ ಊರಿನ ಮಗು ಯಾವ ಹೆಸರು ಬರೀಬೇಕಿತ್ತು ಹೇಳಿ” ಎಂದು ಕೇಳಿದರು. ವಾರ್ಡನ್ ಒಳ್ಳೆಯವರೇ, ಆದರೆ ನಿಯಮ ನಿಯಮವೇ. ನಾನು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದೆ. ನಸುಕಿನಲ್ಲೇ ಎದ್ದು ಹಳ್ಳ ದಾಟಿ ರಸ್ತೆಗೆ ನಡೆದು ಬಸ್ಸಿಗೆ ಕಾಯುತ್ತಿದ್ದೆ. ಅರಸೀಕೆರೆಯ ಬಸ್ಸಿನಲ್ಲಿ ಮೇಷ್ಟ್ರು ನನಗಾಗಿ ಕಿಟಕಿಯ ಪಕ್ಕ ಜಾಗ ಹಿಡಿದಿರುತ್ತಿದ್ದರು. ನನ್ನ ಸೀಟು ಹೋದದ್ದಕ್ಕೆ ಅವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರೆಂದು ನನಗೆ ಗೊತ್ತಿತ್ತು.

ಆ ದಿನಗಳಲ್ಲೇ ಒಮ್ಮೆ ಇಡೀ ಕ್ಲಾಸನ್ನು ಹಳೇಬೀಡಿಗೆ ಕರೆದುಕೊಂಡು ಹೋದರು. ಎಲ್ಲರೂ ದೇವಸ್ಥಾನದ ಕಡೆ ತಿರುಗಿದರೆ ಅವರು ಹೊರಗೆ, ಹೊಲಗಳ ನಡುವೆ ಕುಸಿದುಬಿದ್ದಿರುವ ಕೋಟೆಗೋಡೆಯ ಹತ್ತಿರ ನಿಲ್ಲಿಸಿದರು. “ಇದನ್ನ ಕಟ್ಟಿಸಿದವರ ಹತ್ತಿರ ನಾಲ್ಕೂ ಇತ್ತು. ಈಗ ಎಷ್ಟು ಉಳಿದಿದೆ ಹೇಳಿ.” ನೆಲ ಇದೆ ಎಂದ ಒಬ್ಬ. ಮೇಷ್ಟ್ರು ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರ ಕಡೆ ಕೈ ತೋರಿಸಿದರು. “ಇವರೂ ಇದ್ದಾರೆ. ಅರಸು ಹೋದ, ಸೈನ್ಯ ಹೋಯ್ತು, ಪರಮಾಧಿಕಾರ ಹೋಯ್ತು. ಇವರು ಮಾತ್ರ ಎಲ್ಲಿಗೂ ಹೋಗ್ಲಿಲ್ಲ. ಪರೀಕ್ಷೆಯಲ್ಲಿ ನಾಲ್ಕು ಅಂಶ ಬರೆಯುವಾಗ ಯಾವುದನ್ನ ಮೊದಲು ಬರೀತೀರಿ?” ನಾವೆಲ್ಲ ಒಟ್ಟಿಗೆ “ಜನ” ಎಂದೆವು. ಗದ್ದಲ ಕೇಳಿ ಆ ಹೆಂಗಸರು ತಲೆಯೆತ್ತಿ ನೋಡಿ ನಕ್ಕರು. ಹಾಸ್ಟೆಲ್ ಬಿಟ್ಟ ಮೇಲೆ ನಾನೂ ಮನಬಿಚ್ಚಿ ನಕ್ಕದ್ದು ಅಂದೇ.

ರಾಜ್ಯೋತ್ಸವದ ಗಲಾಟೆ ಆದದ್ದು ಆ ವರ್ಷವೇ. ಭಾಷಣ ಮಾಡಬೇಕಿದ್ದ ಕನ್ನಡ ಮೇಷ್ಟ್ರಿಗೆ ಗಂಟಲು ಕಟ್ಟಿತ್ತು. ಇವರನ್ನು ನಿಲ್ಲಿಸಿದರು. “ಕರ್ನಾಟಕಕ್ಕೆ ಜನ ಇದ್ದಾರೆ, ನೆಲ ಇದೆ, ಸರ್ಕಾರ ಇದೆ, ಪರಮಾಧಿಕಾರ ಇಲ್ಲ. ಶಾಸ್ತ್ರದ ಪ್ರಕಾರ ಕರ್ನಾಟಕ ರಾಜ್ಯವಲ್ಲ” ಎನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಕೂಗು ಎದ್ದಿತು. ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ಸಂಜೆಯೊಳಗೆ ಆ ಒಂದೇ ವಾಕ್ಯ ಊರಿನ ಎಲ್ಲರ ಫೋನುಗಳಲ್ಲಿ ಓಡಾಡಿತು. ಮರುದಿನ ಗೇಟಿನ ಮುಂದೆ ಇಪ್ಪತ್ತು ಮೂವತ್ತು ಯುವಕರು ನಿಂತಿದ್ದರು. ಮುಂದಾಳು ಒಬ್ಬ ಗೂಡ್ಸ್ ಆಟೋ ಓಡಿಸುವವನು, ಕೊರಳಲ್ಲಿ ಅರಿಶಿನ ಕುಂಕುಮ ಬಣ್ಣದ ಶಾಲು.

“ಯಾರ್ರೀ ಅದು, ಕರ್ನಾಟಕ ರಾಜ್ಯ ಅಲ್ಲ ಅಂದೋರು?”

ಪ್ರಿನ್ಸಿಪಾಲರು ಬೇಡ ಬೇಡ ಎನ್ನುತ್ತಿದ್ದಂತೆ ಮೇಷ್ಟ್ರು ಗೇಟಿನ ಹತ್ತಿರ ಹೋದರು. “ನಾನೇ. ಹತ್ತೂವರೆಗೆ ಅದೇ ಪಾಠ ಇದೆ, ಬನ್ನಿ. ಪೂರ್ತಿ ಕೇಳಿ ಆಮೇಲೆ ಬೈಯಿರಿ. ಅರ್ಧ ಕೇಳಿ ಬೈದ್ರೆ ನಿಮ್ಮ ಬೈಗುಳವೂ ಅರ್ಧ ಆಗುತ್ತೆ.”

ಉಳಿದವರು ಹಿಂದೆಮುಂದೆ ನೋಡಿದರು. ಆಟೋದವನು ಹಟದಿಂದ ಬಂದು ಕೊನೆಯ ಬೆಂಚಿನಲ್ಲಿ ಕೂತ. ಪಾಠ ಮುಗಿಯುವವರೆಗೂ ಕೈಕಟ್ಟಿಕೊಂಡೇ ಇದ್ದ. ಕೊನೆಗೆ, “ಹಂಗಾದ್ರೆ ಕರ್ನಾಟಕ ಏನು ಸಾರ್?” ಎಂದ.

“ಒಕ್ಕೂಟದ ಒಂದು ಘಟಕ ಕಣಪ್ಪ. ಭಾರತ ಮನೆ ಇದ್ದಂಗೆ, ಕರ್ನಾಟಕ ಅದರೊಳಗಿನ ಕೋಣೆ. ಆದ್ರೆ ನಾವು ಹುಟ್ಟಿದ್ದು ಆ ಕೋಣೇಲಿ, ಕನಸು ಬೀಳೋದೂ ಅದೇ ಕೋಣೇಲಿ. ನಿನ್ನೆ ಈ ಮಾತು ಹೇಳೋದಿತ್ತು. ಅಷ್ಟರೊಳಗೆ ಕೂಗಾಟ ಎದ್ದುಬಿಡ್ತು. ನಿನಗೆ ನೋವಾಗಿದ್ರೆ ಕ್ಷಮಿಸು. ಕೋಣೆ ಮಾತು ಮೊದಲು ಹೇಳಿ ಶಾಸ್ತ್ರ ಆಮೇಲೆ ಹೇಳಬೇಕಿತ್ತು. ತಪ್ಪು ನಂದೇ.”

ಆಟೋದವನು ಶಾಲು ಸರಿಮಾಡಿಕೊಂಡು ಎದ್ದು ಹೋದ. ಗೇಟಿನ ಮುಂದಿದ್ದವರೂ ಚದುರಿದರು. ಆದರೆ ದೂರು ಅಷ್ಟರಲ್ಲಿ ಮೇಲಕ್ಕೆ ಹೋಗಿತ್ತು. ಮೇಷ್ಟ್ರಿಂದ ಲಿಖಿತ ವಿವರಣೆ ಕೇಳಿದರು. ಎತ್ತಂಗಡಿ ಆಗುತ್ತದೆ ಎಂದೇ ಎಲ್ಲರೂ ಮಾತಾಡಿಕೊಂಡರು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ದಪ್ಪನೆಯ ಕಡತವೊಂದನ್ನು ನನ್ನ ತೊಡೆಯ ಮೇಲಿಟ್ಟರು.

“ನಿಮ್ಮೂರಿನ ಅರ್ಜಿಗಳ ನಕಲು. ನಾನು ಬೇರೆ ಕಡೆ ಹೋದ್ರೆ ಇದು ಅನಾಥ ಆಗಬಾರದು. ಇನ್ನುಮುಂದೆ ನೀನೇ ಬರಿ, ನಾನು ತಿದ್ದುತೀನಿ.”

ಹೀಗೆ ಬಸ್ಸಿನ ಕುಲುಕಾಟದಲ್ಲಿ ನಾನು ಅರ್ಜಿ ಬರೆಯಲು ಕಲಿತೆ. ‘ದಯವಿಟ್ಟು ಕೃಪೆ ತೋರಬೇಕಾಗಿ ಬೇಡಿಕೊಳ್ಳುತ್ತೇನೆ’ ಎಂದು ಬರೆದಿದ್ದನ್ನು ಹೊಡೆದುಹಾಕಿ, ‘ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇನೆ’ ಎಂದು ತಿದ್ದಿದರು. “ಭಿಕ್ಷೆ ಕೇಳ್ತಿಲ್ಲಮ್ಮ ನೀನು. ವಿನಯ ಇರ್ಲಿ, ಬಗ್ಗೋದು ಬೇಡ.” ಕಚೇರಿಯ ಕೌಂಟರಿನ ಮುಂದೆ ಮೊದಲ ಸಲ ಒಬ್ಬಳೇ ನಿಂತಾಗ ಅರ್ಜಿಯನ್ನು ಎರಡು ಸಲ ಓದಿಕೊಂಡು ಒಳಗೆ ಕೊಟ್ಟೆ. ಮೇಷ್ಟ್ರು ಎದುರಿನ ಟೀ ಅಂಗಡಿಯಲ್ಲಿ ಪೇಪರು ಓದುತ್ತಿದ್ದರು. ನಾನು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರುವವರೆಗೆ ಅವರು ಒಂದು ಪುಟವನ್ನೂ ಮಗುಚಿರಲಿಲ್ಲ.

ಮೇಷ್ಟ್ರ ವಿವರಣೆಯನ್ನು ಮೇಲಧಿಕಾರಿಗಳು ಒಪ್ಪಿಕೊಂಡರು. ಎತ್ತಂಗಡಿ ಆಗಲಿಲ್ಲ.

ನಮ್ಮ ಅರ್ಜಿಯ ವಿಚಾರಣೆಗೆ ಕರೆ ಬಂದಾಗ ನಾನು ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ್ದೆ. ಊರಿನ ಹಿರಿಯರು ಬಂದು ಹೇಳಿಕೆ ಕೊಡಬೇಕಿತ್ತು. ಅಷ್ಟು ಮುದುಕರನ್ನು ಕರೆದೊಯ್ಯುವುದು ಹೇಗೆ ಎಂದು ಯೋಚಿಸುತ್ತಿದ್ದೆವು. ಬೆಳಿಗ್ಗೆ ರಸ್ತೆಗೆ ಬಂದು ನೋಡಿದರೆ ಅದೇ ಗೂಡ್ಸ್ ಆಟೋ, ಒಳಗೆ ಜಮಖಾನ ಹಾಸಿದೆ. ಮೇಷ್ಟ್ರು ಅವನನ್ನು ಕೇಳಿದ್ದರಂತೆ. “ಮೆಲ್ಲಗೆ ಹತ್ತು ಅಜ್ಜಿ” ಎಂದು ಅವನು ಕೈ ಕೊಟ್ಟ.

ಈ ವಸತಿ ಹಳೆಯದೆಂಬುದಕ್ಕೆ ಏನು ಸಾಕ್ಷಿ ಎಂದು ಅಧಿಕಾರಿಗಳು ಕೇಳಿದರು. ನಮ್ಮ ಹತ್ತಿರ ನಕ್ಷೆಯಿತ್ತು, ಪಟ್ಟಿಯಿತ್ತು, ಹಳೆಯ ಕಾಗದ ಒಂದೂ ಇರಲಿಲ್ಲ. ಆಗ ಅಜ್ಜಿ ಎದ್ದು ನಿಂತಳು.

“ನಾನು ಮದ್ವೆಯಾಗಿ ಬಂದಾಗ ನಮ್ಮನೆ ಮುಂದ್ಲ ಹುಣ್ಸೆಗಿಡ ನನ್ನ ಸೊಂಟದ ಮಟ್ಟ ಇತ್ತು. ನಮ್ಮತ್ತೆ ನೆಟ್ಟಿದ್ದು. ನಿಮ್ಮ ಕಾಗದದಾಗೆ ನಾವಿಲ್ದಿದ್ರೆ ಅದನ್ನ ಬಂದು ಕೇಳ್ರಿ.”

ಅಧಿಕಾರಿಗಳು ಮುಂದಿನ ವಾರ ನಿಜಕ್ಕೂ ಬಂದರು. ಅವರೂ ಅವರ ಜೊತೆಯ ಸರ್ವೆಯರೂ ಎರಡು ಕಡೆಯಿಂದ ಮರವನ್ನು ತಬ್ಬಿ ನೋಡಿದರು. ಬೆರಳ ತುದಿಗಳು ಮುಟ್ಟಲಿಲ್ಲ. ಅಧಿಕಾರಿಗಳು ನಗುತ್ತಾ ಅದನ್ನೂ ವರದಿಯಲ್ಲಿ ಬರೆಸಿದರು. ಸರ್ವೆಯಾಗಿ, ಗಡಿಯ ಗೊಂದಲ ಹರಿದು, ಆಕ್ಷೇಪಣೆಗಳಿಗೆ ಕಾಲಾವಕಾಶ ಕೊಟ್ಟು, ಎಲ್ಲ ಮುಗಿಯಲು ಇನ್ನೂ ಮೂರು ಮಳೆಗಾಲ ಹಿಡಿಯಿತು.

ಕೊನೆಯ ಘೋಷಣೆಗೆ ಮೊದಲು ಊರಿಗೊಂದು ಹೆಸರು ಬೇಕಿತ್ತು. ಹುಣಸೆಮರದ ಕೆಳಗೆ ಸಭೆ ಸೇರಿತು. ಮೇಷ್ಟ್ರ ಹೆಸರನ್ನೇ ಇಡೋಣ ಎಂದು ಯಜಮಾನರು ಎತ್ತಿದರು, ಎಲ್ಲರೂ ಹೌದೆಂದರು. ಮೇಷ್ಟ್ರು ಸಭೆಯಲ್ಲಿರಲಿಲ್ಲ. ಹಳ್ಳದ ರಸ್ತೆ ಕಡೆಯ ದಡದಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದರು. ಕರೆಯಲು ಹೋದ ನನಗೆ, “ನಾನು ಬರಕೂಡದಮ್ಮ. ಅದು ನಿಮ್ಮೂರಿನ ಸಭೆ. ನಾನು ಪರಸ್ಥಳದವನು, ಅಲ್ಲಿ ನಂಗೆ ಮಾತಿಲ್ಲ” ಎಂದರು. ಹೆಸರಿನ ವಿಷಯ ಹೇಳಿದೆ. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಇಷ್ಟು ವರ್ಷ ಇನ್ನೊಂದೂರಿನ ಹೆಸರು ಹೊತ್ಕೊಂಡು ಸಾಕಾಗಿಲ್ವಾ? ಈಗ ಇನ್ನೊಬ್ಬನ ಹೆಸರು ಹೊರ್ತೀರಾ? ಹೋಗು, ನಿಮ್ಮದನ್ನ ಹುಡುಕ್ಕೊಳ್ಳಿ.”

ಮಧ್ಯಾಹ್ನದವರೆಗೂ ಜಗಳವಾಡಿದೆವು. ದೇವರ ಹೆಸರು, ಮುತ್ತಜ್ಜನ ಹೆಸರು, ಏನೇನೋ ಬಂದವು. ಕೊನೆಗೆ ಅಜ್ಜಿಯ ಮಾತು ನಿಂತಿತು: “ಮೊದ್ಲಿಂದ ಜನ ಏನಂತಾರೋ ಅದೇ ಇರ್ಲಿ ಬಿಡ್ರಲಾ. ಕರೆಯೋರಿಗೂ ಸುಲಭ.” ಹಾಗೆ ನಮ್ಮ ಊರು ಹಳ್ಳದಾಚೆಹಟ್ಟಿ ಆಯಿತು. ಹಕ್ಕುಪತ್ರ ಕೈಗೆ ಬಂದ ದಿನ ಅಪ್ಪ ಅದನ್ನು ಓದಿಸಿ ಓದಿಸಿ ಕೇಳಿದ. ಸೇತುವೆಯ ಕೆಲಸ ಹೋದ ವರ್ಷ ಶುರುವಾಗಿ ಈಗ ಎರಡು ಕಂಬ ಎದ್ದಿವೆ. ನಾನು ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಸಂಜೆ ಹೊತ್ತು ಯಾರಾದರೂ ಒಬ್ಬರು ಅರ್ಜಿ ಬರೆಸಿಕೊಳ್ಳಲು ಬರುತ್ತಾರೆ. ನಾನು ಬರೆದುಕೊಡುವುದಿಲ್ಲ, ಅವರ ಕೈಯಲ್ಲೇ ಬರೆಸುತ್ತೇನೆ.

ಮೇಷ್ಟ್ರು ಈಗ ಅರಸೀಕೆರೆಯ ಮನೆಯಲ್ಲಿದ್ದಾರೆ. ಅಣ್ಣನ ಕೊಬ್ಬರಿ ಮಂಡಿಯಲ್ಲಿ ಕೂರುತ್ತಾರಂತೆ, ತೂಕ ಹಾಕಲು ಈಗಲೂ ಬಿಡುವುದಿಲ್ಲವಂತೆ. ಬೀಳ್ಕೊಡುಗೆ ಆದ ಎರಡು ವಾರಕ್ಕೆ, ಒಂದು ಮಧ್ಯಾಹ್ನ, ಪೋಸ್ಟ್‌ಮ್ಯಾನ್ ಸೈಕಲ್ಲನ್ನು ಆಚೆ ದಡದಲ್ಲೇ ನಿಲ್ಲಿಸಿ ಹಳ್ಳ ದಾಟಿ ಬಂದ. ನಮ್ಮ ಊರಿಗೆ ಅಂಚೆಯವನು ಬಂದದ್ದು ಅದೇ ಮೊದಲು. ಅವನ ಹಿಂದೆ ಅರ್ಧ ಊರು ನಡೆದು ಬಂದಿತ್ತು. ಕಾರ್ಡು ಅಜ್ಜಿಯ ಹೆಸರಿಗಿತ್ತು. ಅದರ ಕೆಳಗೆ ಮನೆಯ ನಂಬರು, ಹಳ್ಳದಾಚೆಹಟ್ಟಿ, ಅಂಚೆ, ತಾಲ್ಲೂಕು, ಜಿಲ್ಲೆ ಎಲ್ಲವೂ ಮೇಷ್ಟ್ರ ದುಂಡು ಅಕ್ಷರದಲ್ಲಿ. ನಾನು ಗಟ್ಟಿಯಾಗಿ ಓದಿದೆ.

‘ತಾಯಿಯವರಿಗೆ ನಮಸ್ಕಾರಗಳು. ವಿಶೇಷವೇನೂ ಇಲ್ಲ. ಈ ವಿಳಾಸಕ್ಕೆ ಬರೆದರೆ ತಲುಪುತ್ತದೆಯೇ ಎಂದು ನೋಡಲು ಬರೆದಿದ್ದೇನೆ.’

ಅಜ್ಜಿ ಕಾರ್ಡನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಪೋಸ್ಟ್‌ಮ್ಯಾನ್‌ಗೆ ಮಜ್ಜಿಗೆ ಕೊಡಲು ಅಮ್ಮನಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, “ಈಗ್ಲೇ ಬರಿ. ಇವ್ನ ಕೈಲೇ ಕೊಟ್ಟು ಕಳ್ಸು” ಎಂದಳು.

“ಏನಂತ ಬರೀಲಿ ಅಜ್ಜಿ?”

“ಬಂತು ಅಂತ ಬರಿ.”